ಎರಡನೇ ಬ್ರೇಕು

ಡೊಂಗ್ರಿಸಾಬ ಗಾಡಿ ಬುಡಕಿಂದ ಅಂಗಾತ ಸರದು ಹೊರಗ ಬಂದ.
ಬೀಡಿ ಕಟ್ಟಿನ ಕಾಗದದ ಮ್ಯಾಲ ಲೆಕ್ಕಾ ಬರದ:
ಕ್ಲಚ್ ಪ್ಲೇಟು, ಹೊಸಾ ರೇಡಿಯೇಟರು,
ತಳದ ತಗಡು ಎರಡೂ ಕಡೆ ಕೊರದು ವೆಲ್ಡಿಂಗು,
ಕೂಲಿ ಬ್ಯಾರೆ.
ಮೂವತ್ತೆಂಟ ಸಾವಿರ.
‘ಅಕ್ಕಾರ, ಗುಜರಿಯವಗ ಹಾಕಿದ್ರ ಇಪ್ಪತ್ತೆರಡ ಬರತಾವು.
ಮೂಗಿಗಿಂತ ಮೂಗುತಿ ಭಾರ ಆತಲ್ಲ’ ಅಂದ,
ಅಂದವನ ಮಾರಿ ಆ ಕಡೆ ಮಾಡಿದ.

ಕೆಎ ಇಪ್ಪತ್ತೆಂಟು.
ಬಾಗಲಕೋಟಿ ಇನ್ನೂ ಬಿಜಾಪುರದ ಬಗಲಾಗ ಇದ್ದಾಗಿನ ನಂಬರು.
ಆಮ್ಯಾಲ ಜಿಲ್ಲಾ ಒಡೀತು, ಇಪ್ಪತ್ತೊಂಬತ್ತು ಬಂತು,
ಕಿಲ್ಲಾದಾಗಿನ ಮನಿ ಹಿನ್ನೀರಿಗೆ ಹೋತು.
ಬೀಸೂ ಕಲ್ಲು, ದೇವರ ಜಗಲಿ, ಬಾಗಲ ಚೌಕಟ್ಟು
ಇದರ ಮ್ಯಾಲ ಹೇರಿಕೊಂಡು
ಹನ್ನೊಂದ ಖೇಪ ಹಾಕೇವಿ ನವನಗರಕ್ಕ.
ಊರ ದುರಸ್ತಿ ಮಾಡೋಣೋ, ಬದಲ ಮಾಡೋಣೋ ಅಂತ
ನಮ್ಮನ್ನ ಯಾರೂ ಕೇಳಿರಲಿಲ್ಲ.
ಸೆಕ್ಟರ್ ನಂಬರ ಕೊಟ್ರು. ಹೋದಿವಿ.
ಈಗ ಕೇಳಾಕತ್ತಾನ ಒಬ್ಬಾವ,
ಅದೂ ಒಂದ ಎಂಟನೂರ ಗಾಡಿಗೆ.
ಉತ್ತರ ಕೊಡಾಕ ನನಗ ರೂಢಿ ಇಲ್ಲ.

ಎರಡ ಸಾವಿರದ ಒಂದನೂರಾ ಹದಿನಾಲ್ಕ ಮಂದಿ,
ವಹ್ಯಾಗ ಹೆಸರ ಅದಾವ,
ಇದರಾಗ ಕುಂತ ಕಲತವರು.
ಮುಚಖಂಡಿ ಕೆರಿ ದಾರ್ಯಾಗ, ಮುಂಜಾನೆ ಆರಕ್ಕ,
ನರ್ಸಬಾಯಿ ಕಾಶಿಂಬಿ,
‘ಬಿಸ್ಮಿಲ್ಲಾ’ ಅಂದು ಕ್ಲಚ್ ಬಿಟ್ಟಾಕಿ, ಬಿಟ್ಟ ಕೂಡ್ಲೆ ಬಂದ್ ಬೀಳಸಾಕಿ;
ಗುಳೇದಗುಡ್ಡದ ಖಣದ ಅಂಗಡಿ ರುಕ್ಮಾಂಗದ,
ತಿರುವಿನ್ಯಾಗ ಸ್ಟೇರಿಂಗ್ ಬಿಟ್ಟು ಗುಡಿಗೆ ಕೈ ಮುಗದಾವ;
ರಿಟೈರಾದ ಮ್ಯಾಲ ಬಂದ ಗುಂಡೂರಾಯರು,
‘ರಿವರ್ಸ್ ಒಂದ ಬ್ಯಾಡ್ರಿ, ನಾ ಹಿಂದಕ್ಕ ಹೋಗಾವ ಅಲ್ಲ’ ಅಂದವರು.
ಅವರೆಲ್ಲಾರ ತಪ್ಪ ಅಗದು ಅಗದು
ಇದರ ಗೇರಿನ ಹಲ್ಲ ಸವದಾವು.
ಗದ್ದನಕೇರಿ ಕ್ರಾಸಿನ್ಯಾಗ ಈಗ್ಲೂ ಹಾರ್ನ್ ಹಾಕಿ ಕೈ ಮಾಡತಾರ.
ಎಲ್ಲಾರವೂ ಹೊಸಾ ಗಾಡಿ.

ನನ್ನ ಕಾಲ ಬುಡಕ ಎರಡನೇ ಬ್ರೇಕು.
ಇಪ್ಪತ್ತೆಂಟ ವರ್ಷ.
ಅಳಿಯಾ ಗಾಡಿ ಹೊಡೀವಾಗ ಬಾಜೂಕ ಕುಂತ್ರ
ಬಲಗಾಲ ತಾನ ನೆಲಾ ಒತ್ತತೈತಿ.
ಟಿವ್ಯಾಗ ಲಾರಿ ಬಂದ್ರ ಒತ್ತತೈತಿ.
ಮಗಳ ಮದವಿ ಮಾತುಕತಿ ನಡದಾಗ
ಚಾಪಿ ಮ್ಯಾಲ ಅಂಗಾಲ ಊರಿ ಕುಂತಿದ್ದೆ,
ಏನೂ ನಿಲ್ಲಲಿಲ್ಲ.

ಶೋರೂಮಿಗೂ ಹೋಗಿದ್ದೆ ಮೊನ್ನೆ.
‘ಮ್ಯಾಡಮ್, ಇದಕ್ಕ ಕ್ಲಚ್ಚ ಇಲ್ಲ,
ಗೇರ್ ತಾನ ಬೀಳತೈತಿ,
ಕಲಸೂ ತ್ರಾಸ ಇಲ್ಲ’ ಅಂದ ಹುಡುಗ.
ಚಾ ಕೊಟ್ಟ. ಕುಡದ ಬಂದೆ.

‘ಈ ಪೆಡಲ್ಲರೆ ಬಿಚ್ಚಿ ಹೊಸಾದಕ್ಕ ಹಾಕಾಕ ಬರತೈತೇನೋ?’
ಡೊಂಗ್ರಿಸಾಬ ಬಗ್ಗಿದ, ಗೇಣ ಹಾಕಿ ಅಳದ.
‘ಕೂಡೂದಿಲ್ಲಕ್ಕಾರ. ರಾಡ್ ಮೂರ ಬಟ್ಟ ಗಿಡ್ಡ ಆಗತೈತಿ.
ಹೊಸಾದಕ್ಕ ಹೊಸಾದ ಬರತೈತಿ.’
ನನಗ ಸಿಟ್ಟ ಬಂತು, ರಾಡಿನ ಮ್ಯಾಲ.

ತಳದ ತೂತಿನ್ಯಾಗ ಗ್ಯಾರೇಜಿನ ನೆಲಾ ಕಾಣತಿತ್ತು:
ಎಣ್ಣಿ ಕಲಿ, ಒಂದ ನಟ್ಟು,
ನಟ್ಟಿನ ಸುತ್ತ ದಾರಿ ಹುಡುಕೂ ಒಂದ ಇರಿವಿ.
ಬಾಳೊತ್ತ ನೋಡಿದೆ ಅದನ್ನ.

‘ಕ್ಲಚ್ ಅಷ್ಟ ಹಾಕೋ.
ರೇಡಿಯೇಟರಿಗೆ ಬೆಸಿಗಿ ಹಚ್ಚು. ತಳಕ್ಕ ಒಂದ ತಗಡ ಬಡಿ.’
‘ಎಷ್ಟ ದಿನಾ ಬಂದೀತಕ್ಕಾರ?’
ಅದನ್ನ ನಾ ಅವನ್ನ ಕೇಳಬೇಕಂತಿದ್ದೆ.

ನಾಳೆ ಆರಕ್ಕ ಸಿರೂರಿನ ಹುಡಿಗಿ ಒಬ್ಬಾಕಿ ಬರಾಕಿ,
ಟಂಟಂ ಹೊಡೀಬೇಕಂತ.
ಮೊದಲನೇ ಪಾಠ ಕನ್ನಡಿದು:
ಹಿಂದಿಂದು ಎಷ್ಟ ಕಾಣಬೇಕು,
ಎಷ್ಟ ಕಾಣಬಾರದು.